ಟ್ರೇಲರ್ ನೆತ್ತಿಗೆ ಎಸಿ: ಯಂತ್ರಕ್ಕಿಂತ ಕಿಂಡಿ ಮುಖ್ಯ

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆ, ಅಂದರೆ ಟ್ರಾವೆಲ್ ಟ್ರೇಲರ್, ಬೇಸಿಗೆ ಮಧ್ಯಾಹ್ನ ಒಲೆಯಾಗುತ್ತದೆ. ಗೋಡೆ ತೆಳು, ಮುಚ್ಚಿಗೆ ತಗ್ಗು, ಮೇಲೆ ಕಾದ ಚಾವಣಿ. ಅದಕ್ಕೇ ಇಂಥ ಬಂಡಿಗಳ ನೆತ್ತಿಯ ಮೇಲೆ ಡಬ್ಬದಂಥ ಎಸಿ ಕೂತಿರುತ್ತದೆ. ಎಸಿ ಇಲ್ಲದ ಟ್ರೇಲರ್‌ಗೆ ಹೊಸದಾಗಿ ಕೂರಿಸುವುದು, ಹಳೆಯದನ್ನು ತೆಗೆದು ಬೇರೆ ಇಡುವುದು ಎರಡೂ ಒಂದು ದಿನದಲ್ಲಿ ಮುಗಿಯಬಹುದಾದ ಕೆಲಸ. ಮನೆಯ ಸ್ಪ್ಲಿಟ್ ಎಸಿಯಂತೆ ತಾಮ್ರದ ಕೊಳವೆ ಎಳೆದು ಗ್ಯಾಸ್ ತುಂಬುವ ರಗಳೆ ಇಲ್ಲಿಲ್ಲ. ಕಂಪ್ರೆಸರ್, ಕಾಯಿಲ್, ಗ್ಯಾಸ್ ಎಲ್ಲವೂ ಕಾರ್ಖಾನೆಯಲ್ಲೇ ಒಂದೇ ಪೆಟ್ಟಿಗೆಯೊಳಗೆ ಸೀಲ್ ಆಗಿ ಬರುತ್ತವೆ.

ಹಾಗಿದ್ದೂ ದೂರುಗಳು ತಪ್ಪುವುದಿಲ್ಲ. ಎಸಿ ಓಡುತ್ತದೆ, ಒಳಗೆ ತಂಪಾಗುವುದಿಲ್ಲ. ಮಳೆ ಬಂದರೆ ಸೋರುತ್ತದೆ. ಸದ್ದಿಗೆ ನಿದ್ದೆ ಹತ್ತುವುದಿಲ್ಲ. ಜನ ಯಂತ್ರವನ್ನು ಬೈಯುತ್ತಾರೆ. ನನ್ನ ಪ್ರಕಾರ ಈ ಮೂರರಲ್ಲೂ ಮೊದಲು ಅನುಮಾನಿಸಬೇಕಾದ್ದು ಎಸಿ ಕೂರುವ ಚಾವಣಿಯ ಕಿಂಡಿಯನ್ನು: ಅದರ ಚೌಕಟ್ಟು, ಅದರ ಮೇಲ್ಮೈ, ಅದರೊಳಗಿನ ಗಾಳಿದಾರಿ. ಯಂತ್ರ ಎತ್ತಿ ಇಡುವುದು ಅರ್ಧ ಗಂಟೆಯ ಮಾತು, ಕಿಂಡಿಗೆ ಉಳಿದ ಇಡೀ ದಿನ ಕೊಡಿ.

ಎಷ್ಟು ದೊಡ್ಡದು ಬೇಕು?

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು 13,500 ಮತ್ತು 15,000 ಬಿಟಿಯುವಿನವು. ಬಿಟಿಯು ಅಂದರೆ ತಂಪು ಮಾಡುವ ಶಕ್ತಿಯ ಅಳತೆ. ಒಂದು ಟನ್ ಅಂದರೆ 12,000 ಬಿಟಿಯು, ಹಾಗಾಗಿ ಇವು ಒಂದು ಟನ್‌ಗಿಂತ ಸ್ವಲ್ಪ ಮೇಲಿನವು. ಪುಟ್ಟ ಟ್ರೇಲರ್‌ಗಳಿಗೆ ಇನ್ನೂ ಚಿಕ್ಕವೂ ಇವೆ. ದೊಡ್ಡದು ತಂದರೆ ಬೇಗ ತಂಪಾಗುತ್ತದೆಂಬ ಲೆಕ್ಕ ಯಾವಾಗಲೂ ಸರಿಯಲ್ಲ. ಚಿಕ್ಕ ಜಾಗಕ್ಕೆ ದೊಡ್ಡ ಯಂತ್ರ ಇಟ್ಟರೆ ಅದು ಬೇಗ ನಿಂತುಬಿಡುತ್ತದೆ, ಗಾಳಿಯ ತೇವ ಹಿಂಡಲು ಸಮಯ ಸಾಲುವುದಿಲ್ಲ. ಒಳಗೆ ತಂಪಿದ್ದರೂ ಹಸಿಹಸಿ ಅನ್ನಿಸುತ್ತದೆ.

ಇನ್ನೊಂದು ನಿರ್ಧಾರ ಡಕ್ಟ್ ಬಗ್ಗೆ. ಕೆಲವು ಟ್ರೇಲರ್‌ಗಳಲ್ಲಿ ಮುಚ್ಚಿಗೆಯೊಳಗೆ ಗಾಳಿ ಸಾಗಿಸುವ ಡಕ್ಟ್ ಕಾರ್ಖಾನೆಯಿಂದಲೇ ಬಂದಿರುತ್ತದೆ. ಇಲ್ಲದಿದ್ದರೆ ಎಸಿಯ ಕೆಳಗಿನ ಪೆಟ್ಟಿಗೆಯಿಂದಲೇ ನೇರವಾಗಿ ಗಾಳಿ ಬೀಸುತ್ತದೆ. ಒಳಗಿನ ಪೆಟ್ಟಿಗೆ ಎರಡಕ್ಕೂ ಬೇರೆಬೇರೆ. ಮೇಲಿನ ಯಂತ್ರದ ಜೊತೆ ಅದು ಬರುತ್ತದೆಂದು ಭಾವಿಸಬೇಡಿ, ಹಲವು ಕಂಪನಿಗಳು ಪ್ರತ್ಯೇಕವಾಗಿ ಮಾರುತ್ತವೆ. ಬಿಸಿ-ತಂಪು ನೋಡಿ ಎಸಿಯನ್ನು ನಿಲ್ಲಿಸಿ ಹೊರಡಿಸುವ ಥರ್ಮೋಸ್ಟಾಟ್ ಗೋಡೆಯದೋ, ಪೆಟ್ಟಿಗೆಯ ಮೇಲಿನ ಗುಂಡಿಯದೋ ಅನ್ನುವುದನ್ನೂ ಆಗಲೇ ಹೊಂದಿಸಿಕೊಳ್ಳಿ.

ಕರೆಂಟಿನ ಲೆಕ್ಕ

ಉತ್ತರ ಅಮೆರಿಕದ ಟ್ರೇಲರ್‌ಗಳು 120 ವೋಲ್ಟಿನವು, ಯೂರೋಪಿನವು 230 ವೋಲ್ಟಿನವು. ಯಂತ್ರ ಅದಕ್ಕೆ ತಕ್ಕದ್ದೇ ಆಗಬೇಕು. ಇಲ್ಲಿ 120 ವೋಲ್ಟಿನ ಲೆಕ್ಕ ಹೇಳುತ್ತೇನೆ. 13,500 ಬಿಟಿಯು ಎಸಿ ಓಡುವಾಗ ಸುಮಾರು 12ರಿಂದ 13 ಆಂಪ್ ಎಳೆಯುತ್ತದೆ. ಟ್ರೇಲರ್‌ಗೆ 30 ಆಂಪ್ ಸಂಪರ್ಕವಿದ್ದರೆ ಒಟ್ಟು ಸಿಗುವುದು 3,600 ವಾಟ್. ಎಸಿ ಓಡುತ್ತಿರುವಾಗ ಮೈಕ್ರೊವೇವ್, ಬಿಸಿನೀರಿನ ಹೀಟರ್ ಎರಡನ್ನೂ ಹಾಕಿದರೆ ಮುಖ್ಯ ಬ್ರೇಕರ್ ಬೀಳುವುದು ಖಂಡಿತ. ಅದು ಎಸಿಯ ದೋಷವಲ್ಲ.

ಕಂಪ್ರೆಸರ್ ಹೊರಡುವ ಕ್ಷಣದಲ್ಲಿ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. 2,000 ವಾಟಿನ ಜನರೇಟರ್ ಓಡಿಸುವ ಶಕ್ತಿ ಹೊಂದಿದ್ದರೂ ಹೊರಡಿಸಲಾರದೆ ಗೊಗ್ಗರು ದನಿ ತೆಗೆದು ನಿಲ್ಲುವುದು ಇದಕ್ಕೇ. 3,000 ವಾಟ್ ಮೇಲಿನ ಜನರೇಟರ್ ಇರಬೇಕು, ಇಲ್ಲವೇ ಎಸಿಗೆ ಹೊರಡುವ ಕ್ಷಣದ ಕರೆಂಟು ತಗ್ಗಿಸುವ ಸಾಫ್ಟ್ ಸ್ಟಾರ್ಟ್ ಸಾಧನ ಜೋಡಿಸಬೇಕು. ಎಸಿ ಇನ್ನೂ ನೆಲದ ಮೇಲಿದ್ದಾಗಲೇ ಅದನ್ನು ಜೋಡಿಸಿಬಿಡುವುದು ಜಾಣತನ. ಮೇಲೇರಿಸಿದ ಮೇಲೆ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಸಣ್ಣ ತಂತಿ ಹುಡುಕುವ ಶಿಕ್ಷೆ ಯಾಕೆ?

ಎಸಿಗೆ ಅದರದೇ ಪ್ರತ್ಯೇಕ 20 ಆಂಪ್ ಬ್ರೇಕರ್, ಅಲ್ಲಿಂದ 12 ಗೇಜಿನ ತಾಮ್ರದ ಮೂರೆಳೆ ಕೇಬಲ್ ಬೇಕು. ಕೆಲವು ಟ್ರೇಲರ್‌ಗಳಲ್ಲಿ ಈ ಕೇಬಲ್ಲನ್ನು ಕಾರ್ಖಾನೆಯವರೇ ಎಳೆದು, ನಡುವಿನ ಗಾಳಿಕಿಂಡಿಯ ಪಕ್ಕ ಸುರುಳಿ ಸುತ್ತಿ ಬಿಟ್ಟಿರುತ್ತಾರೆ. ಹೊಸ ಕೇಬಲ್ ಎಳೆಯಲು ಹೊರಡುವ ಮುನ್ನ ಅಲ್ಲಿ ಕೈಹಾಕಿ ನೋಡಿ. ಇಲ್ಲವಾದರೆ ಬ್ರೇಕರ್ ಪೆಟ್ಟಿಗೆಯಿಂದ ಕಪಾಟುಗಳ ಹಿಂಬದಿಯಲ್ಲಿ, ಮುಚ್ಚಿಗೆಯ ಮೇಲೆ ಹಾಯಿಸಬೇಕು. ಜಂತೆ ದಾಟುವಲ್ಲಿ ಮುಂದೆ ಯಾವ ಸ್ಕ್ರೂ ಕೂಡ ತಾಗದಂತೆ, ತಗಡು ದಾಟುವಲ್ಲಿ ರಬ್ಬರ್ ಬಳೆ ಹಾಕಿ ಸಾಗಿಸಿ. ಟ್ರೇಲರ್‌ನ ಬ್ರೇಕರ್ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಒಂದಕ್ಕೊಂದು ಸೇರಬಾರದು. ಸೇರಿಸಿದರೆ ಬಂಡಿಯ ಲೋಹದ ಮೈಯೇ ಶಾಕ್ ಹೊಡೆಯುವ ಅಪಾಯವಿದೆ. ಇದು ಓದಿದ ಕೂಡಲೇ ಅರ್ಥವಾಗದಿದ್ದರೆ ಕರೆಂಟಿನ ಭಾಗವನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ, ಉಳಿದದ್ದು ನೀವು ಮಾಡಿ.

ಕೆಲಸ ಶುರುಮಾಡುವ ಮುನ್ನ ಹೊರಗಿನ ಪ್ಲಗ್ ಕಿತ್ತಿಡಿ, ಜನರೇಟರ್ ನಿಲ್ಲಿಸಿ, ಇನ್ವರ್ಟರ್ ಆಫ್ ಮಾಡಿ, ಬ್ಯಾಟರಿ ತಂತಿ ಬಿಚ್ಚಿ. ಬ್ರೇಕರ್ ಕೆಳಗಿಳಿಸಿದ್ದೇನೆ ಅನ್ನುವ ಧೈರ್ಯ ಸಾಲದು.

ಕಿಂಡಿ

ಅಮೆರಿಕದ ಟ್ರೇಲರ್‌ಗಳಲ್ಲಿ ಗಾಳಿಕಿಂಡಿ ಸಾಮಾನ್ಯವಾಗಿ 14 ಇಂಚು ಚೌಕ. ಎಸಿಗೂ ಬೇಕಾದದ್ದು ಅಷ್ಟೇ, ಕಾಲಿಂಚು ಆಚೀಚೆ. ಯೂರೋಪಿನಲ್ಲಿ 400 ಮಿಲಿಮೀಟರ್ ಚೌಕ ಬಳಕೆಯಲ್ಲಿದೆ. ಹಾಗಾಗಿ ಹೊಸ ತೂತು ಕೊರೆಯುವ ಬದಲು ನಡುಕೋಣೆಯ ಗಾಳಿಕಿಂಡಿಯನ್ನೇ ಬಳಸುವುದು ಸುಲಭ. ಸ್ನಾನದ ಕೋಣೆಯದ್ದೂ ಅಳತೆಗೆ ಹೊಂದುತ್ತದೆ, ಆದರೆ ಅಲ್ಲಿಟ್ಟರೆ ತಂಪು ಬಾಗಿಲು ದಾಟಿ ಬರುವುದಿಲ್ಲ. ನಡುಕಿಂಡಿ ಮುಚ್ಚಿದರೆ ಅಡುಗೆಯ ಹೊಗೆ, ಹಬೆ ಹೋಗಲು ಬೇರೆ ದಾರಿ ಉಳಿದಿದೆಯೇ ಅನ್ನುವುದನ್ನೂ ಯೋಚಿಸಿ.

ಹೊಸದಾಗಿ ಕೊರೆಯುವುದಾದರೆ ಮೊದಲು ಜಂತೆಗಳನ್ನು ಹುಡುಕಿ. ಎರಡು ಜಂತೆಗಳ ನಡುವೆ ಕಿಂಡಿ ಬರುವಂತೆ ಒಳಗಿನಿಂದ ಗುರುತಿಸಿ, ನಾಲ್ಕು ಮೂಲೆಗಳಲ್ಲಿ ಸಣ್ಣ ತೂತು ಕೊರೆದು, ಮೇಲೆ ಹತ್ತಿ ಇನ್ನೊಮ್ಮೆ ಅಳೆದು ಆಮೇಲೆ ಜಿಗ್‌ಸಾ ಹಿಡಿಯಿರಿ. ಚಾವಣಿಯೊಳಗೆ ದೀಪದ ತಂತಿಗಳಿರಬಹುದು, ಬ್ಲೇಡನ್ನು ಬೇಕಾದ್ದಕ್ಕಿಂತ ಆಳಕ್ಕೆ ಇಳಿಸಬೇಡಿ.

ಹಳೆಯ ಗಾಳಿಕಿಂಡಿ ಕಿತ್ತಾಗ ಅಂಚಿನ ಮರವನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಕಪ್ಪಗಾಗಿದ್ದರೆ, ಚುಚ್ಚಿದಲ್ಲಿ ಮೆತ್ತಗೆ ಒಳಗಿಳಿದರೆ ಕೊಳೆತಿದೆ ಎಂದೇ ಅರ್ಥ. ಅಷ್ಟನ್ನೂ ಕತ್ತರಿಸಿ ಗಟ್ಟಿಮರ ಸಿಗುವವರೆಗೆ ಹೋಗಿ. 35ರಿಂದ 45 ಕಿಲೋ ತೂಕದ ಯಂತ್ರ ಇದರ ಮೇಲೆ ಕೂರಬೇಕು, ಅದೂ ಗುಂಡಿ ಬಿದ್ದ ರಸ್ತೆಯಲ್ಲಿ ಕುಣಿಯುತ್ತ.

ಈಗ ಚೌಕಟ್ಟು. ಚಾವಣಿಗೂ ಒಳಮುಚ್ಚಿಗೆಗೂ ನಡುವೆ ಟೊಳ್ಳಿರುತ್ತದೆ, ಅಥವಾ ಥರ್ಮೊಕೋಲಿನಂಥ ಫೋಮ್ ಇರುತ್ತದೆ. ಎಸಿಯನ್ನು ಚಾವಣಿಗೆ ಸ್ಕ್ರೂ ಹೊಡೆದು ನಿಲ್ಲಿಸುವುದಿಲ್ಲ. ಒಳಗಿನ ಲೋಹದ ಚೌಕಟ್ಟಿನಿಂದ ನಾಲ್ಕು ಉದ್ದ ಬೋಲ್ಟು ಮೇಲಿನ ಯಂತ್ರಕ್ಕೆ ಹೋಗಿ, ನಡುವಿನ ಚಾವಣಿಯನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುತ್ತವೆ. ಟೊಳ್ಳು ಹಾಗೇ ಇದ್ದರೆ ಬೋಲ್ಟು ಬಿಗಿದಂತೆ ಚಾವಣಿ ಜಜ್ಜಿಹೋಗುತ್ತದೆ. ಅದಕ್ಕೆ ಕಿಂಡಿಯ ನಾಲ್ಕೂ ಬದಿಗೆ, ಆ ಎಡೆಯ ಎತ್ತರಕ್ಕೆ ಸರಿಯಾಗಿ ಕೊಯ್ದ ಮರದ ತುಂಡುಗಳನ್ನು ಅಂಟು ಹಚ್ಚಿ, ಸ್ಕ್ರೂ ಹಾಕಿ ಕೂರಿಸಬೇಕು. ಇದರಿಂದ ಎರಡನೇ ಲಾಭವೂ ಇದೆ: ಎಸಿ ಮುಚ್ಚಿಗೆಯೊಳಗಿನ ಬಿಸಿಗಾಳಿ, ಧೂಳು ಎಳೆದುಕೊಳ್ಳುವ ದಾರಿ ಮುಚ್ಚುತ್ತದೆ. ವಯಸ್ಕರೊಬ್ಬರು ಕಿಂಡಿಯ ಪಕ್ಕ ನಿಂತರೆ ಚಾವಣಿ ತಗ್ಗುವಂತಿದ್ದರೆ ಅಡ್ಡಪಟ್ಟಿ ಕೊಟ್ಟು ಗಟ್ಟಿಮಾಡಿ. ತಗ್ಗಿದ ಕಡೆ ನೀರು ನಿಲ್ಲುತ್ತದೆ, ನಿಂತ ನೀರು ಎಲ್ಲಿಂದಾದರೂ ಒಳಗಿಳಿಯುತ್ತದೆ.

ಮೇಲ್ಮೈ ಶುಚಿ ಮಾಡುವ ಕೆಲಸಕ್ಕೆ ತಾಳ್ಮೆ ಬೇಕು. ಹಳೆಯ ಸೀಲಂಟನ್ನು, ಅಂದರೆ ನೀರು ಇಳಿಯದಂತೆ ಸಂದಿಗೆ ಬಳಿದ ಅಂಟನ್ನು, ಪ್ಲಾಸ್ಟಿಕ್ ಕೆರೆಪಟ್ಟಿಯಿಂದ ಪೂರ್ತಿ ಕೆರೆದು ತೆಗೆಯಿರಿ, ಉಬ್ಬು ಉಳಿಯಬಾರದು. ಚಾವಣಿ ಇಪಿಡಿಎಂ ರಬ್ಬರಿನದಾದರೆ ಪೆಟ್ರೋಲ್, ಥಿನ್ನರ್ ತಾಗಿಸಬೇಡಿ, ರಬ್ಬರು ಊದಿಕೊಳ್ಳುತ್ತದೆ. ಹಳೆಯ ಸ್ಕ್ರೂ ತೂತುಗಳನ್ನು ಆ ಚಾವಣಿಗೆ ಹೊಂದುವ ಸೀಲಂಟಿನಿಂದ ಮಟ್ಟಸವಾಗಿ ತುಂಬಿ. ಸಿಲಿಕೋನ್ ಬೇಡವೇ ಬೇಡ. ರಬ್ಬರಿಗೆ ಅದು ಸರಿಯಾಗಿ ಹಿಡಿಯುವುದಿಲ್ಲ, ಒಮ್ಮೆ ಬಳಿದ ಮೇಲೆ ಅದರ ಮೇಲೆ ಬೇರೇನೂ ಅಂಟುವುದಿಲ್ಲ.

ಮೇಲೇರಿಸಿ ಕೂರಿಸುವುದು

ಒಬ್ಬರೇ ಹೆಗಲ ಮೇಲೆ ಹೊತ್ತು ಏಣಿ ಹತ್ತುವ ಸಾಹಸ ಬೇಡ. ಎರಡು ಗಟ್ಟಿ ಹಲಗೆಗಳನ್ನು ಇಳಿಜಾರಾಗಿ ನಿಲ್ಲಿಸಿ, ಪೆಟ್ಟಿಗೆಯ ಸಮೇತ ಹಗ್ಗ ಕಟ್ಟಿ ಮೇಲಿಬ್ಬರು ಎಳೆಯುತ್ತ ಕೆಳಗಿಬ್ಬರು ತಳ್ಳಿದರೆ ಸಾಕು. ಚಾವಣಿಯ ಮೇಲೆ ಪ್ಲೈವುಡ್ ಹಾಸಿಕೊಂಡು ಓಡಾಡಿ.

ಗ್ಯಾಸ್ಕೆಟ್ ಎಂಬ ದಪ್ಪ ಸ್ಪಂಜಿನ ಚೌಕ ಯಂತ್ರದ ತಳಕ್ಕೆ ಅಂಟಿಕೊಂಡಿರುತ್ತದೆ. ಮಳೆನೀರನ್ನು ತಡೆಯುವುದು ಅದೊಂದೇ. ಯಂತ್ರವನ್ನು ಎಳೆದಾಡಿದರೆ ಅದು ಹರಿದುಹೋಗುತ್ತದೆ, ಎತ್ತಿಯೇ ಇಡಬೇಕು. ಕಿರಿದಾದ ಮೂತಿ ಬಂಡಿ ಸಾಗುವ ದಿಕ್ಕಿಗೆ, ಬಿಸಿಗಾಳಿ ಉಗುಳುವ ಬದಿ ಹಿಂದಕ್ಕೆ. ಹಿಂಬದಿಗೆ ಸೌರಫಲಕ, ಆಂಟೆನಾ ಅಡ್ಡ ಬರಬಾರದು. ಒಳಗಿರುವವರು ಕಿಂಡಿಯಿಂದ ನೋಡಿ ಹೇಳುತ್ತ ಹೋದರೆ ಗ್ಯಾಸ್ಕೆಟ್ಟಿನ ನಾಲ್ಕೂ ಬದಿ ಕಿಂಡಿಯ ಸುತ್ತ ಸಮನಾಗಿ ಕೂರುತ್ತದೆ.

ಇಲ್ಲಿ ಕೈ ತುರಿಸುವವರೇ ಹೆಚ್ಚು: ಇರಲಿ ಅಂತ ಗ್ಯಾಸ್ಕೆಟ್ ಕೆಳಗೆ ಸೀಲಂಟ್ ಸುರಿಯುತ್ತಾರೆ. ಬೇಡ. ಗ್ಯಾಸ್ಕೆಟ್ ಅದುಮಿಸಿಕೊಂಡೇ ನೀರು ತಡೆಯುವುದು. ಮುಂದೆ ಯಂತ್ರ ಎತ್ತಬೇಕಾದಾಗ ಈ ಸೀಲಂಟ್ ಚಾವಣಿಯ ರಬ್ಬರನ್ನೇ ಕಿತ್ತುಕೊಂಡು ಬರುತ್ತದೆ.

ಬೋಲ್ಟುಗಳನ್ನು ಕರ್ಣದ ದಿಕ್ಕಿನಲ್ಲಿ, ಒಂದೊಂದಕ್ಕೂ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬನ್ನಿ. ಇಂಚು ದಪ್ಪದ ಗ್ಯಾಸ್ಕೆಟ್ ಅರ್ಧ ಇಂಚಿಗೆ ಇಳಿದರೆ ಸಾಕು. ಹಲವು ಕೈಪಿಡಿಗಳು ಹೇಳುವ ಬಿಗಿತ 40ರಿಂದ 50 ಇಂಚ್-ಪೌಂಡ್, ಅಂದರೆ ಕೈಯಳತೆಗೆ ತೀರಾ ಕಡಿಮೆ ಅನ್ನಿಸುವಷ್ಟು. ಉದ್ದ ಹಿಡಿಯ ಸ್ಪಾನರ್ ಹಾಕಿ ಮೈಬಲ ತೋರಿಸಿದರೆ ತಳದ ತಗಡು ಬಾಗುತ್ತದೆ. ರಾತ್ರಿ ನಿದ್ದೆಗೆಡಿಸುವ ನಡುಕದ ಸದ್ದು ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ.

ಒಳಗಿನ ಪೆಟ್ಟಿಗೆ

ಕೆಲಸ ಮುಗಿಯಿತು ಎಂದು ಎಲ್ಲರೂ ಅವಸರ ಮಾಡುವ ಹೊತ್ತು ಇದು. ತಂಪಾಗದ ಎಸಿಯ ಗುಟ್ಟು ಇರುವುದೂ ಇಲ್ಲೇ.

ಒಂದೇ ಕಿಂಡಿಯಲ್ಲಿ ಎರಡು ಗಾಳಿ ಓಡಾಡುತ್ತವೆ: ಕೋಣೆಯ ಬಿಸಿಗಾಳಿ ಮೇಲಕ್ಕೆ, ತಣ್ಣಗಾದ ಗಾಳಿ ಕೆಳಕ್ಕೆ. ಇವೆರಡರ ನಡುವೆ ತೆಳುವಾದ ತಡೆತಗಡು ಇರುತ್ತದೆ. ಅದರ ಅಂಚಿನಲ್ಲಿ ಬೆರಳು ತೂರುವಷ್ಟು ಸಂದಿ ಉಳಿದರೂ ತಣ್ಣನೆಯ ಗಾಳಿ ಕೋಣೆಗೆ ಇಳಿಯುವ ಬದಲು ಪಕ್ಕದಿಂದಲೇ ಮತ್ತೆ ಮೇಲಕ್ಕೆ ಹೋಗಿಬಿಡುತ್ತದೆ. ಥರ್ಮೋಸ್ಟಾಟ್ ಪೆಟ್ಟಿಗೆಯಲ್ಲೇ ಇದ್ದರೆ ಕೋಣೆ ತಂಪಾಯಿತೆಂದು ನಂಬಿ ಕಂಪ್ರೆಸರ್ ನಿಲ್ಲಿಸುತ್ತದೆ. ಥರ್ಮೋಸ್ಟಾಟ್ ಗೋಡೆಯಲ್ಲಿದ್ದರೆ ಉಲ್ಟಾ: ಕಂಪ್ರೆಸರ್ ನಿಲ್ಲುವುದೇ ಇಲ್ಲ, ತಣ್ಣನೆ ಗಾಳಿಯೇ ಸುತ್ತಿಸುತ್ತಿ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ, ಗಾಳಿ ಸಣ್ಣಗಾಗುತ್ತದೆ. ಆಮೇಲೆ ಹಿಮ ಕರಗಿ ತಲೆಯ ಮೇಲೆ ತೊಟ್ಟಿಕ್ಕಿದಾಗ ಚಾವಣಿ ಸೋರುತ್ತಿದೆ ಅಂದುಕೊಂಡು ಜನ ಮೇಲೆ ಹತ್ತಿ ಸೀಲಂಟ್ ಬಳಿಯುತ್ತಾರೆ!

ಆದ್ದರಿಂದ ತಡೆತಗಡಿನ ಪ್ರತಿ ಅಂಚಿಗೂ ಅಲ್ಯುಮಿನಿಯಂ ಫಾಯಿಲ್ ಟೇಪ್ ಹಚ್ಚಿ ಒತ್ತಿ. ಬಟ್ಟೆಯ ಟೇಪ್ ಇಲ್ಲಿ ಬಾಳುವುದಿಲ್ಲ, ತೇವಕ್ಕೆ ಬಿಟ್ಟುಕೊಳ್ಳುತ್ತದೆ. ದೊಡ್ಡ ಸಂದಿಗೆ ಗಟ್ಟಿ ಫೋಮ್ ಹಲಗೆ ಕೊಯ್ದಿಟ್ಟು ಅದರ ಮೇಲೆ ಟೇಪ್. ಡಕ್ಟ್ ಇರುವ ಬಂಡಿಯಲ್ಲಿ ಡಕ್ಟಿನ ಬಾಯಿಗಳು ಕಿಂಡಿಯನ್ನು ಸೇರುವ ಜಾಗವೂ ಹೀಗೇ ಮುಚ್ಚಬೇಕು. ಇಲ್ಲವಾದರೆ ಮುಚ್ಚಿಗೆಯೊಳಗಿನ ಟೊಳ್ಳನ್ನು ತಂಪು ಮಾಡುತ್ತ ಕೂರುತ್ತೀರಿ. ಹಿಮ ಅರಿಯುವ ಸಣ್ಣ ಸೆನ್ಸರ್ ಕಡ್ಡಿಯನ್ನು ಕೈಪಿಡಿ ತೋರಿಸಿದ ಜಾಗದಲ್ಲಿ ಕಾಯಿಲ್ ರೆಕ್ಕೆಗಳ ನಡುವೆ ಸಿಕ್ಕಿಸಲು ಮರೆಯಬೇಡಿ.

ತಂತಿ ಜೋಡಣೆ ಸರಳ: ಅಮೆರಿಕದ ಬಣ್ಣಗಳಲ್ಲಿ ಕಪ್ಪಿಗೆ ಕಪ್ಪು, ಬಿಳಿಗೆ ಬಿಳಿ, ಹಸಿರು ಅಥವಾ ಬರಿ ತಾಮ್ರ ಅರ್ಥ್‌ಗೆ. ಜೋಡಣೆಯೆಲ್ಲ ಜಂಕ್ಷನ್ ಪೆಟ್ಟಿಗೆಯೊಳಗೇ ಇರಬೇಕು. ಆಮೇಲೆ ಮುಚ್ಚಳ, ಫಿಲ್ಟರ್.

ಓಡಿಸಿ ನೋಡುವುದು

ಮೊದಲು ಬರೀ ಫ್ಯಾನ್, ಆಮೇಲೆ ಕೂಲಿಂಗ್. ಕಾಲು ಗಂಟೆ ಓಡಿದ ಮೇಲೆ ಒಳಹೋಗುವ ಗಾಳಿಯ ಮತ್ತು ಹೊರಬರುವ ಗಾಳಿಯ ಬಿಸಿ ಅಳೆಯಿರಿ. ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದರೆ ಯಂತ್ರ ಸರಿಯಾಗಿದೆ. ಹೊರಗೆ 40 ಡಿಗ್ರಿ ಇರುವಾಗ ಒಳಗೆ 20 ಬೇಕೆಂದು ಹಟ ಹಿಡಿದರೆ ಯಾವ ಟ್ರೇಲರ್ ಎಸಿಯೂ ಕೊಡಲಾರದು. ಪರದೆ ಎಳೆದು, ಬೆಳಗ್ಗೆಯೇ ಚಾಲೂ ಮಾಡಿದರೆ ಬೇಗ ದಾರಿಗೆ ಬರುತ್ತದೆ.

ಆಫ್ ಮಾಡಿದ ಮೇಲೆ ಮತ್ತೆ ಹಾಕಲು ಮೂರರಿಂದ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಒಳಗಿನ ಒತ್ತಡ ಸಮವಾಗದೆ ಕಂಪ್ರೆಸರ್ ಹೊರಡಲು ತಿಣುಕುತ್ತದೆ. ಎಸಿ ಓಡುವಾಗ ಬಂಡಿಯೊಳಗಿನ ಪ್ಲಗ್ಗಿನಲ್ಲಿ ವೋಲ್ಟ್ ಮೀಟರ್ ಇಟ್ಟು ನೋಡಿ. 120 ವೋಲ್ಟಿನ ಬಂಡಿಯಲ್ಲಿ 105ಕ್ಕಿಂತ ಕೆಳಗಿಳಿದರೆ ತಕ್ಷಣ ನಿಲ್ಲಿಸಬೇಕು. ಉದ್ದವಾದ ತೆಳು ಎಕ್ಸ್‌ಟೆನ್ಷನ್ ವೈರೇ ಹೆಚ್ಚಿನ ಸಲ ಇದಕ್ಕೆ ಕಾರಣ. ಚಾವಣಿಯ ಮೇಲೆ ಎಸಿಯ ಬದಿಯಿಂದ ನೀರು ಹರಿಯುತ್ತಿದ್ದರೆ ಗಾಬರಿ ಬೇಡ, ಗಾಳಿಯ ತೇವವೇ ಹಾಗೆ ಹೊರಬರುವುದು. ಬಂಡಿ ಒಂದು ಕಡೆಗೆ ತೀರಾ ವಾಲಿದ್ದರೆ ಮಾತ್ರ ಅದು ಒಳಕ್ಕೆ ಚೆಲ್ಲಬಹುದು.

ಗ್ಯಾಸ್ಕೆಟ್ ಮೊದಲ ಕೆಲವು ದಿನ ಇನ್ನಷ್ಟು ಕೂತುಕೊಳ್ಳುತ್ತದೆ, ಬೋಲ್ಟು ಸಡಿಲವಾಗುತ್ತದೆ. ಮೊದಲ ಪ್ರಯಾಣ ಮುಗಿಸಿ ಬಂದ ಕೂಡಲೇ ಒಳಗಿನ ಮುಚ್ಚಳ ತೆಗೆದು ನಾಲ್ಕೂ ಬೋಲ್ಟು ಅಳತೆಗೆ ಸರಿಯಾಗಿ ಬಿಗಿದು, ಫಾಯಿಲ್ ಟೇಪ್ ಎಲ್ಲಾದರೂ ಎದ್ದಿದೆಯೇ ಎಂದು ಬೆರಳಾಡಿಸಿ ನೋಡಿ. ಬಂಡಿಯ ಹೊಸ ಎತ್ತರವನ್ನು ಎಸಿಯ ಮುಚ್ಚಳದ ತುದಿಯವರೆಗೆ ಅಳೆದು, ಡ್ರೈವರ್ ಕಣ್ಣಿಗೆ ಬೀಳುವಂತೆ ಬರೆದು ಅಂಟಿಸಿ. ಸೇತುವೆಯ ಕೆಳಗೆ ಹೋಗುವಾಗ ಆ ಒಂದಡಿಯ ಲೆಕ್ಕ ಬೇಕಾಗುತ್ತದೆ.