ಮಾವನ ಊರಿಗೆ ಮೂರು ಮನೆ

ಭಾನುವಾರದ ಪುರವಣಿಯ ದೊಡ್ಡ ಪದಬಂಧಕ್ಕೆ ನಾನು ಪೆನ್ನು ಮುಟ್ಟಿಸುವುದಿಲ್ಲ. ಪೆನ್ಸಿಲ್, ರಬ್ಬರ್, ಪಕ್ಕದಲ್ಲಿ ಒಂದು ಪ್ಲೇಟ್ ಒಗ್ಗರಣಿ-ಮಿರ್ಚಿ. ಕೊಪ್ಪಳದಲ್ಲಿ ನನ್ನ ರಜೆ ಶುರುವಾಗುವುದೇ ಹೀಗೆ. ವಾರದ ದಿನಗಳದ್ದು ಚಾ ಆರುವುದರೊಳಗೆ ಮುಗಿಯುತ್ತದೆ. ಹೋದ ಭಾನುವಾರದ್ದು ಮಾತ್ರ ದೀಪ ಹಚ್ಚುವ ಹೊತ್ತಿನವರೆಗೂ ಸತಾಯಿಸಿತು.

ನಾನು ಮೊದಲು ಹಿಡಿಯುವುದು ಕೀಟಲೆಯ ಸುಳಿವುಗಳನ್ನು. ನೇರ ಸುಳಿವಿಗೆ ನಾಲ್ಕು ಸಮಾನಾರ್ಥಕ ಪದ ಸಿಗುತ್ತವೆ, ಕೀಟಲೆಗೆ ಒಂದೇ ಉತ್ತರ ಎಂಬುದು ನನ್ನ ಲೆಕ್ಕ. ‘ಮಾವಿನ ಸಾರ ಹಿಂತಿರುಗಿ ಕೊರಳಿಗೆ ಬಿತ್ತು (2)’, ಅಂದರೆ ಎರಡು ಮನೆ ತುಂಬುವ ಪದ. ರಸ ತಿರುಗಿದರೆ ಸರ. ‘ಸೂರ್ಯನೂ ದೇವರಾಜನೂ ಸಂಧಿ ಮಾಡಿಕೊಂಡರು (3)’. ಇದಕ್ಕೆ ಅರ್ಧ ತಾಸು ಹೋಯಿತು. ರವಿ, ಇಂದ್ರ, ನಡುವೆ ಸವರ್ಣದೀರ್ಘ: ರವೀಂದ್ರ! ಬೆತ್ತದ ಏಟು ತಿಂದು ಕಲಿತ ವ್ಯಾಕರಣ ಇಷ್ಟು ವರ್ಷಕ್ಕೆ ಕೂಲಿ ಕೊಟ್ಟಿತು.

ಆರ್ಥರ್ ವಿನ್ 1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಗೆ ಮೊದಲ ಕ್ರಾಸ್‌ವರ್ಡ್ ಕಟ್ಟಿದಾಗ ಅವನ ಮುಂದಿದ್ದದ್ದು 26 ಅಕ್ಷರ, ಮನೆಗೊಂದು. ಒತ್ತಿನ ಕಾಟ ಅವನಿಗೇನು ಗೊತ್ತು? ನಮ್ಮಲ್ಲಿ ದೀರ್ಘ, ಸೊನ್ನೆ ಎಲ್ಲ ಹೊತ್ತ ‘ವೀಂ’ಗೂ ಒಂದೇ ಮನೆ, ‘ಸ್ತ್ರೀ’ಗೂ ಒಂದೇ ಮನೆ. ಅಡ್ಡ ಹೋಗುವ ಪದಕ್ಕೂ ಕೆಳಗಿಳಿಯುವ ಪದಕ್ಕೂ ಗುಣಿತ, ಒತ್ತು ಸಮೇತ ಹೊಂದಬೇಕು. ಅನುಮಾನ ಬಂದಲ್ಲಿ ನಾನು ಮೂಲಾಕ್ಷರವನ್ನಷ್ಟೇ ತೆಳ್ಳಗೆ ಗೀಚಿ, ಗುಣಿತವನ್ನು ಆಮೇಲೆ ಏರಿಸುತ್ತೇನೆ. ಹೊಸ ಪದ ಶುರುವಾಗುವ ಮನೆಯಲ್ಲಿ ಳ ಅಥವಾ ಣ ಬಂದು ಕುಂತರೆ ಯೋಚಿಸುವುದೇ ಇಲ್ಲ, ರಬ್ಬರ್ ಎತ್ತಿಕೊಳ್ಳುತ್ತೇನೆ.

ಈ ಶಿಸ್ತು ಮರೆತದ್ದು ‘ಬಣ್ಣದ ಗೊಂಬೆಗಳ ಊರು (3)’ ಎಂಬಲ್ಲಿ. ಚನ್ನಪಟ್ಟಣಕ್ಕೆ ಐದು ಮನೆ ಬೇಕು. ಮೂರಕ್ಕೆ ನಮ್ಮದೇ ಇದೆಯಲ್ಲ, ಚಿತ್ರಗಾರ ಮನೆತನಗಳು ಹಗುರ ಮರ ಕೆತ್ತಿ ಬಣ್ಣ ಹಚ್ಚುವ ಊರು, ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಪಡೆದ ಗೊಂಬೆಗಳ ಊರು, ಮೇಲಾಗಿ ನನ್ನ ಹೆಂಡತಿಯ ತವರು. ಒತ್ತಿ ಬರೆದೆ: ಕಿನ್ಹಾಳ. ಅಲ್ಲಿಂದ ಕೆಟ್ಟಿತು. ‘ರೈತ ಕೇಳುವುದು, ಸರ್ಕಾರ ಮಾತು ಕೊಡುವುದು (2)’ ಎಂಬ ಪದ ‘ನ್ಹಾ’ದಲ್ಲಿ ಮುಗಿಯಬೇಕು. ಅಂಥ ಪದ ಎಲ್ಲಿದೆ? ಊಟ ಆಯಿತು, ನಿದ್ದೆ ಆಯಿತು, ನಿಘಂಟೂ ಆಯಿತು.

ಸಂಜಿಗೆ ಹೆಂಡತಿ ಇಣುಕಿ ನೋಡಿದಳು. “ಸಾಲ ಮನ್ನಾ ಅಲ್ಲೇನ್ರೀ? ಮತ್ತ ನಮ್ಮೂರು ಕಿನ್ನಾಳ. ಹಿಂಗ್ಯಾಕ ಬರದೀರಿ?” ನಮ್ಮ ಲಗ್ನಪತ್ರಿಕೆಯಲ್ಲಿ ಕಿನ್ಹಾಳ ಎಂದೇ ಅಚ್ಚಾಗಿತ್ತು ಅಂದೆ. ಅದು ಗಂಡಿನ ಕಡೆಯವರು ಮಾಡಿಸಿದ್ದು ಎಂಬ ಉತ್ತರ ಬಂತು. ಒತ್ತು ತಿದ್ದಿದ ಮೇಲೆ ಸುತ್ತಲಿನ ಆರು ಪದ ಹತ್ತು ನಿಮಿಷದಲ್ಲಿ ಬಿದ್ದವು.

ಉಳಿದದ್ದು ಒಂದು ಮೂಲೆ. ‘ಯುದ್ಧದಲ್ಲಿ ತಲೆ ಹೋದರೂ ಹಾಲು ಕೊಡುತ್ತದೆ (2)’. ಸಮರದ ತಲೆ ತೆಗೆದರೆ ಮರ. ಅದರ ಕೊನೆಯ ಅಕ್ಷರಕ್ಕೆ ಮೇಲಿನಿಂದ ಇಳಿಯುವುದು ‘ಆಕಾಶ (3)’: ಅಂಬರ. ಎರಡೂ ಕೂತವು, ಪೆನ್ಸಿಲ್ ಕೆಳಗಿಟ್ಟೆ. ಇವತ್ತು ಉತ್ತರ ಬಂದಿದೆ: ಗಗನ, ದನ. ಕದನ ನನಗೆ ಹೊಳೆಯಲೇ ಇಲ್ಲ.

ರಬ್ಬರ್ ಮರವೂ ಹಾಲು ಸುರಿಸುತ್ತದಲ್ಲ ಎಂದು ಮುಂಜಾನೆಯಿಂದ ವಾದ ಹೂಡಿದ್ದೇನೆ. “ಹಂಗಾದ್ರ ಆ ಹಾಲಿನ ಚಾ ನೀವ ಕುಡೀರಿ” ಅನ್ನುತ್ತಿದ್ದಾಳೆ.