ಡಬ್ಲ್ಯೂಎಬಿ ಫೈಲನ್ನು ನಾನು ಗುರುತಿಸುವ ರೀತಿ

ಹಳೇ ವಿಂಡೋಸ್ ಎಕ್ಸ್‌ಪಿ ಡಿಸ್ಕಿನಲ್ಲಿ ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಇಮೇಲ್ ತಂತ್ರಾಂಶದ ವಿಳಾಸಗಳೆಲ್ಲ ಇರುವುದು ಡಬ್ಲ್ಯೂಎಬಿ (ವಿಂಡೋಸ್ ಅಡ್ರೆಸ್ ಬುಕ್) ಫೈಲಿನಲ್ಲಿ. ಅಪ್ಲಿಕೇಶನ್ ಡೇಟಾ, ಅದರೊಳಗೆ ಮೈಕ್ರೋಸಾಫ್ಟ್, ಅದರೊಳಗೆ ಅಡ್ರೆಸ್ ಬುಕ್ ಫೋಲ್ಡರ್. ಪಕ್ಕದಲ್ಲಿ ಎಕ್ಸ್‌ಟೆನ್ಶನ್ ‘ಡಬ್ಲ್ಯೂಎ~’ ಎಂದಿರುವ ಬ್ಯಾಕಪ್ ಸಿಕ್ಕರೆ ಅದನ್ನೂ ಎತ್ತಿಡಿ. ರಿಕವರಿ ಮಾಡಿದ ಡಿಸ್ಕಾದರೆ ಹೆಸರು, ಎಕ್ಸ್‌ಟೆನ್ಶನ್ ಎರಡನ್ನೂ ನಂಬುವ ಹಾಗಿಲ್ಲ. ಫೈಲಿನ ಮೊದಲ 16 ಬೈಟು, ಅಂದರೆ ಅದರ ಬಗೆ ಹೇಳುವ ಸಹಿ, ನೋಡಲೇಬೇಕು.

ನೋಡುವುದು ನಕಲನ್ನು ಮಾತ್ರ. ವಿಂಡೋಸ್ 7ರಲ್ಲಿ ಡಬಲ್ ಕ್ಲಿಕ್ ಮಾಡಿದರೆ ಫೈಲ್ ಬರೀ ತೆರೆದುಕೊಳ್ಳುವುದಿಲ್ಲ, ಅದರಲ್ಲಿರುವುದೆಲ್ಲ ನಿಮ್ಮ ಕಾಂಟ್ಯಾಕ್ಟ್ಸ್ ಫೋಲ್ಡರಿಗೆ ಬಂದು ಬೀಳುತ್ತದೆ.

ಹೆಕ್ಸ್‌ನಲ್ಲಿ (ಒಂದೊಂದು ಬೈಟನ್ನೂ ಎರಡು ಅಂಕೆಗಳಲ್ಲಿ ಬರೆಯುವ 16ರ ಲೆಕ್ಕ) ಕಾಣಬೇಕಾದದ್ದು ಹೀಗೆ:

9ಸಿ ಸಿಬಿ ಸಿಬಿ 8ಡಿ 13 75 ಡಿ2 11 91 58 00 ಸಿ0 4ಎಫ್ 79 56 ಎ4

ಹೆಕ್ಸ್‌ಡಂಪ್ ಆಜ್ಞೆ ಬಳಸುವವರು ದೊಡ್ಡ ‘ಸಿ’ ಆಯ್ಕೆ ಕೊಡುವುದನ್ನು ಮರೆತರೆ ಎರಡೆರಡು ಬೈಟು ಅದಲುಬದಲಾಗಿ ‘ಸಿಬಿ9ಸಿ 8ಡಿಸಿಬಿ’ ಎಂದು ಕಾಣುತ್ತದೆ. ಫೈಲ್ ಸರಿಯೇ ಇರುತ್ತದೆ, ಓದಿದ್ದು ತಪ್ಪು. ಎಕ್ಸ್‌ಎಕ್ಸ್‌ಡಿ ಎಂಬ ಇನ್ನೊಂದು ಆಜ್ಞೆಯಲ್ಲಿ ಈ ತಾಪತ್ರಯವಿಲ್ಲ.

ಈ 16 ಬೈಟು ಒಂದು ಜಿಯುಐಡಿ (ಬೇರೆಲ್ಲೂ ಮರುಕಳಿಸದಂತೆ ಹುಟ್ಟಿಸುವ ಗುರುತಿನ ಸಂಖ್ಯೆ), ಅದೂ ಸಮಯದಿಂದ ಹುಟ್ಟುವ ಒಂದನೇ ಬಗೆಯದು. ಒಳಗಿನ ಸಮಯವನ್ನು ಬಿಡಿಸಿದರೆ 1998ರ ನವೆಂಬರ್ ಬರುತ್ತದೆ. ವಿಂಡೋಸ್ 95 ಕಾಲದ ಫೈಲಿನಲ್ಲಿ ಶುರು ಬೇರೆ: 81 32 84 ಸಿ1 85 05 ಡಿ0 11. ಅದನ್ನು ಬಿಡಿಸಿದರೆ 1996ರ ಸೆಪ್ಟೆಂಬರ್. ಎರಡೂ ಡಬ್ಲ್ಯೂಎಬಿಗಳೇ, ಒಂದನ್ನೇ ಹುಡುಕಿ ಇನ್ನೊಂದನ್ನು ಕಸಕ್ಕೆ ಹಾಕಬೇಡಿ. ಶುರುವಿನಲ್ಲಿ 21 42 44 4ಇ ಇದ್ದರೆ ಅದು ಔಟ್‌ಲುಕ್ ಕುಟುಂಬದ್ದು. ಮೊದಲ ಬೈಟನ್ನು ಸೊನ್ನೆ ಎಂದು ಎಣಿಸಿ 8 ಮತ್ತು 9ನೇ ಜಾಗ ನೋಡಿ: 41 42 ಆದರೆ ಪಿಎಬಿ, ಅಂದರೆ ವಿಳಾಸ ಪುಸ್ತಕ, 53 4ಡಿ ಆದರೆ ಪಿಎಸ್‌ಟಿ, ಅಂದರೆ ಮೇಲ್ ಸಂಗ್ರಹ.

ಸಹಿ ಹೊಂದಿತು ಎಂದು ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು. ವಿಂಡೋಸ್ ಡಿಸ್ಕಿನ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಫೈಲನ್ನು ಇಡುವ ಒಂದೊಂದು ತುಂಡು, ಅಂದರೆ ಕ್ಲಸ್ಟರ್, ಸಾಮಾನ್ಯವಾಗಿ 4096 ಬೈಟು. ಸಹಿ ಇರುವುದು ಮೊದಲ ಕ್ಲಸ್ಟರಿನಲ್ಲಿ, ಆಮೇಲಿನದರಲ್ಲಿ ಯಾರದೋ ಮದುವೆ ಫೋಟೋ ಕೂತಿರಬಹುದು. ಹಾಗಾಗಿ 4096ರ ಗುಣಕಗಳಲ್ಲಿ ಫೋಟೋ ಫೈಲಿನ ಶುರುವಾದ ಎಫ್ಎಫ್ ಡಿ8 ಎಫ್ಎಫ್ ಅಥವಾ ಉದ್ದಕ್ಕೂ ಸೊನ್ನೆ ಇದೆಯೇ ಎಂದು ನೋಡುತ್ತೇನೆ. ಫೈಲ್ ಇಲ್ಲಿಗೆ ಮುಗಿಯಿತು ಎನ್ನುವ ಗುರುತು ಡಬ್ಲ್ಯೂಎಬಿಗೆ ಇಲ್ಲ. ರಿಕವರಿ ಸಾಧನ ಅಂದಾಜಿನಲ್ಲಿ ಕತ್ತರಿಸಿದ್ದರೆ ಬಾಲದಲ್ಲಿ ಕಸ ಇದ್ದೇ ಇರುತ್ತದೆ. ಬಾಲದ ಕಸಕ್ಕೆ ಹೆದರಬೇಕಿಲ್ಲ, ನಡುವಿನ ಕಸಕ್ಕೆ ಹೆದರಬೇಕು.

ಆಮೇಲೆ ಹೆಸರುಗಳು. 1998ರ ಸಹಿಯ ಫೈಲಿನಲ್ಲಿ ಅವು ಯುಟಿಎಫ್-16ರಲ್ಲಿ (ಸಾಮಾನ್ಯವಾಗಿ ಅಕ್ಷರಕ್ಕೆರಡು ಬೈಟು), ಕಿರಿಯ ಬೈಟು ಮೊದಲು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ‘ರವಿ’ 52 00 61 00 76 00 69 00 ಆಗುತ್ತದೆ. ಕನ್ನಡದಲ್ಲೇ ಟೈಪಿಸಿದ್ದರೆ ಬಿ0 0ಸಿ ಬಿ5 0ಸಿ ಬಿಎಫ್ 0ಸಿ. ಫೈಲಿನಲ್ಲಿರುವ ಪಠ್ಯ ಹುಡುಕುವ ಸ್ಟ್ರಿಂಗ್ಸ್ ಆಜ್ಞೆಯನ್ನು 16 ಬಿಟ್ ಆಯ್ಕೆಯೊಂದಿಗೆ ಓಡಿಸಿದರೆ ಮೊದಲನೆಯದು ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ. ಅದಕ್ಕೇ ಬೈಟು ಬಿಟ್ಟು ಬೈಟು 0ಸಿ ಬರುವ ಸಾಲನ್ನು ಬೇರೆಯಾಗಿ ಹುಡುಕಬೇಕು. ಸಿಕ್ಕ ಹೆಸರುಗಳನ್ನು ಎಣಿಸಿ ‘ಇಷ್ಟು ಜನ’ ಎನ್ನಬೇಡಿ: ಒಬ್ಬರದೇ ಹೆಸರು ಪಟ್ಟಿಯಲ್ಲೊಮ್ಮೆ, ದಾಖಲೆಯಲ್ಲೊಮ್ಮೆ ಇರುತ್ತದೆ.

ಲೆಕ್ಕ ಬೇಕೆಂದರೆ ವರ್ಚುವಲ್ ಮಷೀನಿನಲ್ಲಿ (ಕಂಪ್ಯೂಟರಿನೊಳಗಿನ ಕೃತಕ ಕಂಪ್ಯೂಟರ್) ಖಾಲಿ ವಿಂಡೋಸ್ 7 ಹಾಕಿ, ಈಗ ಧಾರಾಳವಾಗಿ ಡಬಲ್ ಕ್ಲಿಕ್ ಮಾಡಿ. ಒಬ್ಬೊಬ್ಬರಿಗೂ ಒಂದೊಂದು ಎಕ್ಸ್‌ಎಂಎಲ್ ಫೈಲ್ ಹುಟ್ಟುತ್ತದೆ, ಫೋಲ್ಡರ್ ತೆರೆದು ಎಣಿಸಿದರಾಯಿತು. ಹೆಕ್ಸ್‌ನಲ್ಲಿ ಕಂಡ ಹೆಸರು ಅಲ್ಲಿಲ್ಲದಿದ್ದರೆ ಬ್ಯಾಕಪ್ ಫೈಲಿಗೂ ಇದೇ ಪರೀಕ್ಷೆ ಮಾಡಿ.