ಕಪಾಳಕ್ಕೆ ಹೊಡೆಯುವ ದೃಶ್ಯ ತೆಗೆದ ಮೇಲೆ

ನಮ್ಮ ನಾಟಕದ ಮೊದಲ ರೂಪದಲ್ಲಿ ಗಂಡ ಹೆಂಡತಿಯ ಕಪಾಳಕ್ಕೆ ಹೊಡೆಯುತ್ತಿದ್ದ. ನಾನೇ ಬರೆದದ್ದು, ನಾನೇ ಆಡಿಸಿದ್ದು. ಒಂದು ಊರಿನಲ್ಲಿ ಸ್ತ್ರೀಶಕ್ತಿ ಸಂಘದ ಹೆಂಗಸರ ಮುಂದೆ ಆಡಿದೆವು. ಮುಗಿದ ಮೇಲೆ ಒಬ್ಬರು ಹತ್ತಿರ ಬಂದು, "ನಮ್ಮನೇಲಿ ಹಾಗೆಲ್ಲ ಇಲ್ಲಮ್ಮ, ನಮ್ಮೆಜಮಾನ್ರು ಒಂದು ದಿನವೂ ಕೈ ಎತ್ತಿಲ್ಲ" ಅಂದರು. ಹಾಗೆ ಹೇಳುವಷ್ಟರಲ್ಲಿ ಅವರ ಫೋನ್ ಮೂರು ಸಲ ಬಡಿದುಕೊಂಡಿತು. ಮೂರು ಸಲವೂ ಗಂಡನೇ: ಎಲ್ಲಿದ್ದೀಯ, ಯಾರ ಜೊತೆ ಇದ್ದೀಯ, ಹಿಂದೆ ಕೇಳಿಸ್ತಿರೋ ಗಂಡಸಿನ ದನಿ ಯಾರದು. ಆ ದನಿ ನಮ್ಮ ತಂಡದ ಹುಡುಗನದು, ಸಾಮಾನು ಕಟ್ಟುತ್ತಿದ್ದ.

ಆ ರಾತ್ರಿಯೇ ಹೊಡೆತ ತೆಗೆದುಹಾಕಿದೆ. ಹೊಡೆತ ಇದ್ದರೆ ನೋಡುವವರಿಗೆ ತಪ್ಪಿಸಿಕೊಳ್ಳುವುದು ಸುಲಭ, ಇದು ಬೇರೆಯವರ ಮನೆ ಕಥೆ ಅಂದುಕೊಳ್ಳಬಹುದು.

ಗಂಡನ ಹಿಡಿತವನ್ನು ಹೊಡೆತವಲ್ಲದೆ ಬೇರೆ ರೀತಿಯಲ್ಲಿ ತೋರಿಸುವುದು ನಮ್ಮ ರಂಗಭೂಮಿಗೆ ಹೊಸದೇನಲ್ಲ. ಕಾರ್ನಾಡರ 'ನಾಗಮಂಡಲ'ದಲ್ಲಿ ಅಪ್ಪಣ್ಣ ರಾಣಿಯನ್ನು ಒಳಗೆ ಬಿಟ್ಟು ಬೀಗ ಹಾಕಿಕೊಂಡು ಹೋಗುತ್ತಾನೆ, ಮಧ್ಯಾಹ್ನ ಊಟಕ್ಕೆ ಬರುತ್ತಾನೆ, ಉಂಡು ಮತ್ತೆ ಬೀಗ. ಆ ಬೀಗ ಕಣ್ಣಿಗೆ ಕಾಣುತ್ತದೆ. ನನಗೆ ಬೇಕಾಗಿದ್ದದ್ದು ಕಾಣದ ಬೀಗ. ಎಟಿಎಂ ಕಾರ್ಡ್ ಅವಳದು, ಪಿನ್ ಅವನ ಹತ್ತಿರ. ಸಂಬಳ ಬಂದ ಮೆಸೇಜು ಅವನ ಫೋನಿಗೆ. ತವರಿಗೆ ಹೋದರೆ ವಿಡಿಯೋ ಕಾಲ್ ಮಾಡಿ ಕೋಣೆ ಪೂರ್ತಿ ತಿರುಗಿಸಿ ತೋರಿಸಬೇಕು.

ಗಂಡನ ಪಾತ್ರದ ಹುಡುಗ ಮೊದಮೊದಲು ಹುಬ್ಬು ಗಂಟಿಕ್ಕಿಕೊಂಡೇ ಬರುತ್ತಿದ್ದ. ಬೇಡ ಅಂದೆ. ಮಲ್ಲಿಗೆ ತಾ, ನಗು, "ನೀನ್ಯಾಕೆ ಬಿಸಿಲಲ್ಲಿ ಕೆಲಸಕ್ಕೆ ಹೋಗ್ಬೇಕು, ನಾನಿಲ್ವಾ" ಅನ್ನು. ಮೊದಲ ಹತ್ತು ನಿಮಿಷ ಎಲ್ಲರಿಗೂ ಅವನು ಇಷ್ಟವಾಗಬೇಕು, ಯಾಕಂದ್ರೆ ಅವಳಿಗೂ ಇಷ್ಟವಾಗಿದ್ದ. ಅವಳ ಬಾಯಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ: "ಅವರನ್ನ ಕೇಳಿ ಹೇಳ್ತೀನಿ." ಅಕ್ಕ ಮದುವೆಗೆ ಕರೆದಾಗ ಅದು ಸಹಜವಾಗೇ ಕೇಳಿಸುತ್ತದೆ. ಕೊನೆಗೆ ಮಗಳು "ಅಮ್ಮಾ, ಕಿಟಕಿ ತೆಗೀಲಾ?" ಅಂದಾಗಲೂ ಅದೇ ಉತ್ತರ. ಅಲ್ಲಿ ಪ್ರತಿ ಸಲ ಜನ ಸುಮ್ಮನಾಗುತ್ತಾರೆ.

ಬೈಕಿನ ಸದ್ದಿನ ಮೇಲೆ ಜಾಸ್ತಿ ದಿನ ಕೆಲಸ ಮಾಡಿದೆವು. ದೂರದಿಂದ ಬೈಕ್ ಕೇಳಿದ ಕೂಡಲೇ ಅವಳು ಟಿವಿ ಆರಿಸುತ್ತಾಳೆ, ಚಪ್ಪಲಿ ನೇರ ಮಾಡುತ್ತಾಳೆ, ಮಗಳ ಪುಸ್ತಕ ಮುಚ್ಚುತ್ತಾಳೆ, ಕೈ ಒರೆಸಿಕೊಂಡು ನಿಲ್ಲುತ್ತಾಳೆ. ಬೈಕ್ ಮುಂದೆ ಹೋಗಿಬಿಡುತ್ತದೆ, ಅದು ಬೇರೆ ಯಾರದೋ. ಮಾತೇ ಇಲ್ಲದ ಈ ದೃಶ್ಯಕ್ಕೆ ಅತ್ತವರಷ್ಟು ಆ ಹೊಡೆತಕ್ಕೆ ಯಾರೂ ಅತ್ತಿರಲಿಲ್ಲ.

ಆಮೇಲೆ ನೋಡುವವರನ್ನೇ ರಂಗದ ಮೇಲೆ ಕರೆಯುತ್ತೇವೆ. ಬ್ರೆಜಿಲ್‌ನ ಆಗಸ್ಟೊ ಬೋಲ್ ಕಟ್ಟಿದ ಫೋರಂ ಥಿಯೇಟರ್ ದಾರಿ ಇದು. ಅದರಲ್ಲಿ ತುಳಿತಕ್ಕೆ ಸಿಕ್ಕವರ ಜಾಗಕ್ಕೆ ನೋಡುಗರು ಬಂದು ಬೇರೆ ದಾರಿ ಆಡಿ ತೋರಿಸುತ್ತಾರೆ. ನಾವೂ ಹಾಗೇ ಮಾಡಿ ತಪ್ಪು ಮಾಡಿದೆವು. ಒಬ್ಬರು ಹೆಂಡತಿಯಾಗಿ ಬಂದು ಗಂಡನಿಗೆ ಜೋರಾಗಿ ಎದುರುತ್ತರ ಕೊಟ್ಟರು, ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಅವರ ಅತ್ತೆ ಮೂರನೇ ಸಾಲಿನಲ್ಲಿ ಕೂತಿದ್ದರು. ಮನೆಗೆ ಹೋದ ಮೇಲೆ ಏನಾಯಿತೋ ಅಂತ ನನಗೆ ನಿದ್ದೆ ಬರಲಿಲ್ಲ. ಬಿಟ್ಟು ಬರುವ ಹೊತ್ತು, ಎದುರು ನಿಲ್ಲುವ ಹೊತ್ತೇ ಹೆಂಗಸಿಗೆ ಅಪಾಯ ಜಾಸ್ತಿ. ಈಗ ಹೆಂಡತಿಯ ಜಾಗಕ್ಕೆ ಯಾರನ್ನೂ ಕರೆಯುವುದಿಲ್ಲ. ಅವಳ ಅಮ್ಮನಾಗಿ, ಅಣ್ಣನಾಗಿ, ಪಕ್ಕದ ಮನೆಯವರಾಗಿ ಬನ್ನಿ ಅನ್ನುತ್ತೇವೆ. "ಸ್ವಲ್ಪ ಹೊಂದ್ಕೊಂಡು ಹೋಗು" ಅನ್ನುವ ಅಮ್ಮ ಬೇರೆ ಏನು ಹೇಳಬಹುದಿತ್ತು? ನಿಜವಾದ ಜಗಳ, ನಿಜವಾದ ಯೋಚನೆ ಅಲ್ಲೇ ಶುರುವಾಗುತ್ತದೆ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಮಾತಿನ, ಮನಸ್ಸಿನ, ಹಣಕಾಸಿನ ಹಿಂಸೆಯೂ ಹಿಂಸೆಯೇ. ಇದನ್ನು ಪಕ್ಕದ ಮನೆಯ ಅಂಗನವಾಡಿ ಟೀಚರ್ ಪಾತ್ರದ ಬಾಯಲ್ಲಿ ಎರಡೇ ಸಾಲಿನಲ್ಲಿ ಹೇಳಿಸುತ್ತೇವೆ. ಕರಪತ್ರ ಹಂಚುವುದಿಲ್ಲ, ಬ್ಯಾಗಿನಲ್ಲಿ ಅದು ಗಂಡನ ಕೈಗೆ ಸಿಕ್ಕರೆ ಅವಳಿಗೇ ಕಷ್ಟ. ಅದರ ಬದಲು ನಾಟಕದ ಮಗಳು ಕುಂಟಾಬಿಲ್ಲೆ ಆಡುತ್ತಾ ಮಹಿಳಾ ಸಹಾಯವಾಣಿಯ ನಂಬರನ್ನೇ ಎಣಿಸುತ್ತಾಳೆ, "ಒಂದು, ಎಂಟು, ಒಂದು". ಹೋದ ತಿಂಗಳು ಒಂದೂರಿನಲ್ಲಿ ನಾವು ಪರದೆ ಬಿಚ್ಚುತ್ತಿದ್ದಾಗ ಅಲ್ಲಿನ ಮಕ್ಕಳು ನೆಲದ ಮೇಲೆ ಗೀಟು ಎಳೆದುಕೊಂಡು ಅದನ್ನೇ ಕೂಗುತ್ತಾ ಕುಂಟುತ್ತಿದ್ದರು.